ಗೋದಲಿ, ನೀರಿನ ತೊಟ್ಟಿ: ಯಾವುದನ್ನು ಆರಿಸಿದರೆ ಸ್ವಚ್ಛವಾಗಿ ಇಡುವುದು ಸುಲಭ?

ಹೊಸ ಕೊಟ್ಟಿಗೆ ಕಟ್ಟಿಸುವವರು, ಹಳೆಯದನ್ನು ರಿಪೇರಿ ಮಾಡಿಸುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗೋದಲಿಗೆ ಬರೀ ಸಿಮೆಂಟ್ ಸಾಕೇ, ಟೈಲ್ಸ್ ಹಾಕಿಸಬೇಕೇ? ನೀರಿಗೆ ಉದ್ದನೆಯ ತೊಟ್ಟಿಯೋ, ಹಸುವಿಗೊಂದರಂತೆ ಬಟ್ಟಲೋ? ತೊಳೆಯಲು ಸುಣ್ಣವೋ, ಬ್ಲೀಚಿಂಗ್ ಪುಡಿಯೋ? ನಾನು ಎಲ್ಲರನ್ನೂ ತಿರುಗಿ ಕೇಳುವುದು ಒಂದೇ ಮಾತು: ದಿನವೂ ಅದನ್ನು ತೊಳೆಯುವವರು ಯಾರು? ಬಹಳ ಸಲ ತೊಟ್ಟಿಯನ್ನು ಆರಿಸುವವರು ಬೇರೆ, ಪೊರಕೆ ಹಿಡಿಯುವವರು ಬೇರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ನನ್ನದೇ ಕಥೆ ಹೇಳುತ್ತೇನೆ. ನಾನು ಮೊದಲು ಕಟ್ಟಿಸಿದ ನೀರಿನ ತೊಟ್ಟಿ 1,500 ಲೀಟರಿನದು. ಗೋಡೆ ಗಟ್ಟಿಯಾಗಿತ್ತು, ಗಾರೆ ನುಣುಪಾಗಿತ್ತು, ನೋಡಲೂ ಚೆನ್ನಾಗಿತ್ತು. ತಳದಲ್ಲಿ ತೂಬು ಇಡಿಸುವುದೊಂದು ಮರೆತುಹೋಗಿತ್ತು. ಖಾಲಿ ಮಾಡಬೇಕೆಂದರೆ ಬಕೆಟ್ಟಿನಲ್ಲಿ ಎತ್ತಿ ಎತ್ತಿ ಚೆಲ್ಲಬೇಕು. ವಾರಕ್ಕೊಮ್ಮೆ ಎಂದು ಶುರುವಾದ ತೊಳೆಯುವ ಕೆಲಸ ತಿಂಗಳಿಗೊಮ್ಮೆ ಆಯಿತು, ಆಮೇಲೆ ಪಾಚಿ ಕಣ್ಣಿಗೆ ಹೊಡೆದಾಗ ಮಾತ್ರ ಆಯಿತು. ಒಮ್ಮೆ ಪೂರ್ತಿ ಖಾಲಿ ಮಾಡಿ ನೋಡಿದಾಗ ತಳದಲ್ಲಿ ನಾಲ್ಕು ಬೆರಳು ದಪ್ಪದ ಕೆಸರು. ಹಸುಗಳ ಬಾಯಿಂದ ಉದುರಿದ ಬೂಸಾ, ಹುಲ್ಲು, ಜೊಲ್ಲು ಎಲ್ಲ ಸೇರಿ ಕೊಳೆತದ್ದು. ಅದರ ಮೇಲಿನ ನೀರನ್ನೇ ಅವು ಅಷ್ಟು ದಿನ ಕುಡಿದಿದ್ದವು.

ಅಳೆಯುವ ಮಾನದಂಡಗಳು

ಹಾಗಾಗಿ ನನ್ನ ಮೊದಲ ಮಾನದಂಡ ಖಾಲಿ ಮಾಡುವ ಸುಲಭ. ಬಿರಡೆ ಎಳೆದರೆ ಕೆಲವೇ ನಿಮಿಷಗಳಲ್ಲಿ ನೀರು ಪೂರ್ತಿ ಹೋಗಬೇಕು, ತಳದಲ್ಲಿ ಒಂದು ಲೋಟದಷ್ಟೂ ನಿಲ್ಲಬಾರದು. ಇದಕ್ಕೆ ಎರಡು ಬೇಕು: ತೂಬಿನ ಕಡೆಗೆ ಇಳಿಜಾರು, ಮತ್ತು ದಪ್ಪ ಕೊಳವೆ. ಒಂದು ಅಂಗುಲದ ಕೊಳವೆಯ ಬದಲು ಎರಡು ಅಂಗುಲದ್ದು ಹಾಕಿದರೆ ಬಾಯಿಯ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. ಕಸ ಸಿಕ್ಕಿಕೊಳ್ಳುವುದೂ ಕಡಿಮೆ.

ಎರಡನೆಯದು ಮೈ. ನುಣುಪಾದ ಮೈ ಒಂದು ಉಜ್ಜಿಗೆ ಶುದ್ಧವಾಗುತ್ತದೆ. ಹೆರೆದ, ಬಿರಿದ ಮೈಯ ಒಳಗೆ ಲೋಳೆ ಕೂತು ಸೂಕ್ಷ್ಮಾಣುಗಳಿಗೆ ಮನೆಯಾಗುತ್ತದೆ. ಆ ಲೋಳೆ ಸೂಕ್ಷ್ಮಾಣು ಕೊಲ್ಲುವ ಔಷಧಿಯನ್ನು ಒಳಕ್ಕೆ ಬಿಡುವುದಿಲ್ಲ. ಮೂಲೆಗಳನ್ನೂ ಇದರ ಜೊತೆಗೇ ನೋಡಬೇಕು. ಚೂಪು ಮೂಲೆಗೆ ಹಸುವಿನ ನಾಲಿಗೆಯೂ ತಲುಪುವುದಿಲ್ಲ, ನಮ್ಮ ಬ್ರಷ್ಷೂ ತಲುಪುವುದಿಲ್ಲ. ಬೊಗಸೆಯಂತೆ ದುಂಡಗಿರುವ ತಳವನ್ನು ಹಸುವೇ ಅರ್ಧ ನೆಕ್ಕಿ ಬಿಡುತ್ತದೆ.

ಮೂರನೆಯದು, ಅದರೊಳಗೆ ಏನು ಬೀಳುತ್ತದೆ ಎಂಬುದು. ಒಣಹುಲ್ಲು ಮಾತ್ರ ಹಾಕುವ ಗೋದಲಿಗೂ ರಸಮೇವು (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿರು ಮೇವು, ಸೈಲೇಜ್) ಹಾಕುವ ಗೋದಲಿಗೂ ಅಜಗಜಾಂತರ. ರಸಮೇವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಅಸಿಟಿಕ್ ಆಮ್ಲ ಇರುತ್ತವೆ; ಅವು ಸಿಮೆಂಟನ್ನು ನಿಧಾನವಾಗಿ ತಿನ್ನುತ್ತವೆ. ನಾಲ್ಕನೆಯದಾಗಿ ನಿಮ್ಮಲ್ಲಿರುವ ಕೈಗಳು, ನೀರು, ಸಮಯ. ಹಣವನ್ನು ನಾನು ಕೊನೆಗೆ ಇಡುತ್ತೇನೆ. ಅದು ಮುಖ್ಯವಲ್ಲವೆಂದಲ್ಲ, ಕಟ್ಟುವ ದಿನದ ಖರ್ಚು ಒಮ್ಮೆ ಮಾತ್ರ, ತೊಳೆಯುವ ಖರ್ಚು ದಿನವೂ ಇರುತ್ತದೆ.

ಗೋದಲಿ: ಸಿಮೆಂಟ್, ಕಲ್ಲು, ಟೈಲ್ಸ್, ಪ್ಲಾಸ್ಟಿಕ್, ಉಕ್ಕು

ಬರೀ ಸಿಮೆಂಟಿನದು ಎಲ್ಲಕ್ಕಿಂತ ಅಗ್ಗ, ಎಲ್ಲ ಮೇಸ್ತ್ರಿಗಳಿಗೂ ಗೊತ್ತಿರುವ ಕೆಲಸ. ಒಣಮೇವು, ಹಸಿರು ಮೇವು ಹಾಕುವವರಿಗೆ ಇದು ಬಹಳ ವರ್ಷ ಬಾಳುತ್ತದೆ. ರಸಮೇವು, ನೆನೆಸಿದ ಹಿಂಡಿ ಬಿದ್ದರೆ ಮೇಲಿನ ಗಾರೆ ಸವೆದು ಜಲ್ಲಿ ಕಾಣಿಸತೊಡಗುತ್ತದೆ. ಆಮೇಲೆ ಎಷ್ಟು ಗುಡಿಸಿದರೂ ತೂತುಗಳಲ್ಲಿ ಹಿಂಡಿ ಉಳಿದು ಹುಳಿ ವಾಸನೆ ಬರುತ್ತದೆ. ಇನ್ನೊಂದು ಮಾತು: ಹೊಸ ಸಿಮೆಂಟಿನಲ್ಲಿ ಕ್ಷಾರ ಹೆಚ್ಚು. ನೀರಿನ ತೊಟ್ಟಿಯಾದರೆ ಕೆಲವು ಸಲ ತುಂಬಿಸಿ, ದಿನಗಟ್ಟಲೆ ಬಿಟ್ಟು ಚೆಲ್ಲಿದ ಮೇಲೆಯೇ ದನಗಳಿಗೆ ಬಳಸಬೇಕು.

ಸಿಮೆಂಟಿನ ಮೇಲೆ ಎಪಾಕ್ಸಿ ಎಂಬ ಗಟ್ಟಿ ರಾಳದ ಲೇಪ ಬಳಿಸುವುದು ನಡುವಿನ ದಾರಿ. ಚೆನ್ನಾಗಿ ಕೂತರೆ ಆಮ್ಲವನ್ನು ತಡೆಯುತ್ತದೆ, ಒಂದೇ ಉಜ್ಜಿಗೆ ಶುದ್ಧವಾಗುತ್ತದೆ. ತೊಂದರೆ ಎಂದರೆ ಕೆಲಸ ಮಾಡುವವರ ಅವಸರ. ಕಾಂಕ್ರೀಟ್ 28 ದಿನ ಹದವಾಗಿ, ಪೂರ್ತಿ ಒಣಗಿರಬೇಕು. ಬಳಿದ ಮೇಲೂ ಡಬ್ಬಿಯ ಮೇಲೆ ಬರೆದಷ್ಟು ದಿನ ಮೇವು ಹಾಕಬಾರದು. ಒದ್ದೆ ಗೋಡೆಗೆ ಬಳಿದದ್ದು ಹಪ್ಪಳದಂತೆ ಏಳುತ್ತದೆ, ಆ ಚೂರುಗಳು ಮೇವಿನ ಜೊತೆ ಹೊಟ್ಟೆಗೆ ಹೋಗುತ್ತವೆ. ಹಳೆಯ ಗೋದಲಿಯನ್ನು ಖಾಲಿ ಬಿಟ್ಟು ಒಣಗಿಸಲು ನಿಮ್ಮಲ್ಲಿ ಬದಲಿ ಜಾಗವಿಲ್ಲದಿದ್ದರೆ ಈ ಆಸೆ ಬಿಡುವುದು ಒಳ್ಳೆಯದು.

ಟೈಲ್ಸ್ ಮತ್ತು ಪಾಲಿಶ್ ಮಾಡಿದ ಕಲ್ಲಿನ ಚಪ್ಪಡಿಗಳ ನಡುವೆ ಆರಿಸಬೇಕಾಗಿ ಬಂದರೆ ನನ್ನ ಮತ ಕಲ್ಲಿಗೆ. ಹೊಳಪಿನ ಟೈಲ್ಸ್ ತೊಳೆಯಲು ಸೊಗಸು, ನಿಜ. ಆದರೆ ಸಲಿಕೆ ಬಡಿದು, ಕೊರಳ ಸರಪಳಿ ತಾಕಿ ಅಂಚು ಸಿಡಿಯುತ್ತದೆ. ಸಿಡಿದ ಅಂಚು ಹಸುವಿನ ನಾಲಿಗೆಯನ್ನು ಕೊಯ್ಯುತ್ತದೆ. ಗ್ರಾನೈಟಿನಂಥ ಕಲ್ಲು ಆಮ್ಲಕ್ಕೂ ಹೆದರುವುದಿಲ್ಲ, ಪೆಟ್ಟಿಗೂ ಹೆದರುವುದಿಲ್ಲ. ಎರಡರದೂ ದುರ್ಬಲ ಜಾಗ ಸಂದುಗಳು. ಸಂದಿಗೆ ಬರೀ ಸಿಮೆಂಟ್ ತುಂಬಿದರೆ ಕಲ್ಲು ಉಳಿದು ಸಂದು ಸವೆಯುತ್ತದೆ. ದೊಡ್ಡ ಚಪ್ಪಡಿ, ಕಡಿಮೆ ಸಂದು, ಸಂದಿಗೆ ಆಮ್ಲ ತಡೆಯುವ ಗ್ರೌಟ್ ಹಾಕಿಸಿದರೆ ಹಾಕಿದ ದುಡ್ಡಿಗೆ ಮೋಸವಿಲ್ಲ.

ಪ್ಲಾಸ್ಟಿಕ್ಕಿನದು ಹಗುರ, ದುಂಡು ಮೂಲೆ, ಎತ್ತಿ ಕವುಚಬಹುದು, ಬಿಸಿಲಿಗೆ ಒಣಗಿಸಬಹುದು. ಒಂದೆರಡು ಹಸುಗಳಿಗೆ, ಕರುಗಳಿಗೆ, ಬಾಡಿಗೆಯ ಕೊಟ್ಟಿಗೆಗೆ ಇದಕ್ಕಿಂತ ಒಳ್ಳೆಯದು ಕಾಣೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಗೀರು ಬಿದ್ದು ಇದರ ನುಣುಪೆಂಬ ಗುಣವೇ ಹಾಳಾಗುತ್ತದೆ. ಬಿಸಿಲಿಗೆ ವರ್ಷಗಟ್ಟಲೆ ಬಿದ್ದದ್ದು ಪೆಡಸಾಗಿ ಒಡೆಯುತ್ತದೆ. ಡ್ರಮ್ಮನ್ನು ಸೀಳಿ ಗೋದಲಿ ಮಾಡುವವರು ಅದರಲ್ಲಿ ಮೊದಲು ಏನಿತ್ತು ಎಂದು ತಿಳಿದುಕೊಳ್ಳದೆ ತರಬಾರದು. ಕೀಟನಾಶಕ, ಕೈಗಾರಿಕೆಯ ರಾಸಾಯನಿಕ ಇದ್ದ ಡ್ರಮ್ ಎಷ್ಟು ತೊಳೆದರೂ ಮೇವಿಗೆ ಆಗದು.

ಸ್ಟೇನ್‌ಲೆಸ್ ಸ್ಟೀಲ್ ಶುಚಿಯ ವಿಷಯದಲ್ಲಿ ಎಲ್ಲಕ್ಕಿಂತ ಮೇಲು, ಬೆಲೆಯಲ್ಲೂ ಮೇಲು. ಸತು ಲೇಪಿಸಿದ ತಗಡು ನೀರಿಗೆ ಪರವಾಗಿಲ್ಲ. ರಸಮೇವಿಗೆ ಬೇಡ, ಆಮ್ಲ ಸತುವನ್ನು ಕರಗಿಸಿ ಕೆಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಮರದ ಗೋದಲಿ ಹೀರುತ್ತದೆ, ಒಣಗುವುದಿಲ್ಲ. ಒಣಹುಲ್ಲಿನ ಆಚೆಗೆ ಅದನ್ನು ಬಳಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅನುಮಾನ: ಗೋದಲಿ ಆಳವಾಗಿರಬೇಕೇ? ಹಸುಗಳ ಮುಂದೆ ಗಾಡಿ ಹೋಗುವಂಥ ಸಮತಟ್ಟು ದಾರಿ ಬಿಟ್ಟು ಅದರ ಅಂಚಿನಲ್ಲೇ ಮೇವು ಸುರಿಯುವ ಪದ್ಧತಿ ದೊಡ್ಡ ಕೊಟ್ಟಿಗೆಗಳಲ್ಲಿದೆ. ಅಲ್ಲಿ ತೊಳೆಯುವುದೇ ಇಲ್ಲ, ಗುಡಿಸಿದರೆ ಮುಗಿಯಿತು. ಹಸು ನಿಂತ ನೆಲಕ್ಕಿಂತ 10–15 ಸೆಂಟಿಮೀಟರ್ ಎತ್ತರದಲ್ಲಿ ಮೇವಿದ್ದರೆ ಅದು ಮೇಯುವಾಗಿನಂತೆ ತಲೆ ತಗ್ಗಿಸಿ ತಿನ್ನುತ್ತದೆ, ಜೊಲ್ಲೂ ಚೆನ್ನಾಗಿ ಸುರಿಯುತ್ತದೆ. ಆದರೆ ಹಸುಗಳು ಮೇವನ್ನು ಮೂತಿಯಿಂದ ದೂರ ತಳ್ಳುತ್ತವೆ. ದಿನಕ್ಕೆ ಹಲವು ಸಲ ಒಳಕ್ಕೆ ಸರಿಸಿ ಕೊಡುವವರು ಬೇಕು. ನೀರುನೀರಾದ ಹಿಂಡಿ ಕೊಡುವವರಿಗೆ ಇದು ಒಗ್ಗುವುದಿಲ್ಲ. ಜಾಗವೂ ಬೇಕು.

ನೀರು: ದೊಡ್ಡ ತೊಟ್ಟಿ, ಸಣ್ಣ ತೊಟ್ಟಿ, ಬಟ್ಟಲು

ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ. ಕರೆಯುವ ದೊಡ್ಡ ಹಸುವೊಂದು ದಿನಕ್ಕೆ 60ರಿಂದ 100 ಲೀಟರ್ ಕುಡಿಯಬಹುದು, ಸೆಕೆಯಲ್ಲಿ ಇನ್ನೂ ಹೆಚ್ಚು. ಅದು ಹೀರುವುದೂ ಬೇಗ, ನಿಮಿಷಕ್ಕೆ 10 ಲೀಟರಿಗೂ ಮೇಲೆ. ಈ ಲೆಕ್ಕ ಕೇಳಿದವರಿಗೆ ತೊಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಐದು ಹಸುಗಳು ತಲಾ 60 ಲೀಟರ್ ಕುಡಿದರೆ ದಿನಕ್ಕೆ 300 ಲೀಟರ್. ನನ್ನ 1,500 ಲೀಟರಿನ ತೊಟ್ಟಿಯಲ್ಲಿ ನೀರು ಸರಾಸರಿ ಐದು ದಿನ ನಿಲ್ಲುತ್ತಿತ್ತು. ಮೇಲಿನಿಂದ ದಿನವೂ ಹೊಸ ನೀರು ಬೀಳುತ್ತಿದ್ದುದರಿಂದ ತಾಜಾ ಎಂದು ನಾನು ನಂಬಿದ್ದೆ. ತಳದ ಕೆಸರು ಮಾತ್ರ ಅಲ್ಲಿಯೇ ಇತ್ತು.

ದೊಡ್ಡ ತೊಟ್ಟಿಯ ಪರವಾಗಿ ಇರುವ ಮಾತು ಒಂದೇ: ನೀರು ಯಾವಾಗ ಬರುತ್ತದೆ ಎಂಬ ಭರವಸೆ ಇಲ್ಲದ ಕಡೆ ದಾಸ್ತಾನು ಬೇಕು. ಬೇಕು, ಆದರೆ ದಾಸ್ತಾನು ಮುಚ್ಚಳವಿರುವ ಟ್ಯಾಂಕಿನಲ್ಲಿರಲಿ, ಹಸುವಿನ ಮೂತಿ ತಾಕುವ ತೊಟ್ಟಿಯಲ್ಲಿ ಬೇಡ. ಟ್ಯಾಂಕಿನಿಂದ ಸಣ್ಣ ತೊಟ್ಟಿಗೆ ಕೊಳವೆ ಹಾಕಿ, ನೀರು ಇಳಿದಂತೆ ತಾನಾಗಿ ತುಂಬುವ ಫ್ಲೋಟ್ ವಾಲ್ವ್ ಇಟ್ಟರೆ ಎರಡೂ ಕೆಲಸ ಆಗುತ್ತವೆ. ತೊಟ್ಟಿ ಸಣ್ಣದಾದಷ್ಟೂ ಕೊಳವೆಯಲ್ಲಿ ನೀರು ಜೋರಾಗಿ ಬರಬೇಕು. ಇಲ್ಲವಾದರೆ ಮುಂದೆ ನಿಂತ ಗಟ್ಟಿಗಿತ್ತಿ ಹಸು ಕುಡಿದು ಮುಗಿಸುವವರೆಗೆ ಹಿಂದಿನ ಪಡ್ಡೆಗಳು ಕಾಯಬೇಕಾಗುತ್ತದೆ. ಬಿಡುವಾಗಿ ಓಡಾಡುವ ಹಿಂಡಿಗೆ ಹಸುವೊಂದಕ್ಕೆ ಸುಮಾರು 10 ಸೆಂಟಿಮೀಟರ್ ತೊಟ್ಟಿಯ ಅಂಚು ಲೆಕ್ಕ ಹಾಕಿ, ಅದನ್ನು ಎರಡು ಜಾಗಗಳಿಗೆ ಹಂಚಿದರೆ ಜಗಳ ಕಡಿಮೆ. ಫ್ಲೋಟ್ ವಾಲ್ವಿಗೆ ತಟ್ಟೆಯೊಂದನ್ನು ಮರೆಯಾಗಿ ಇಡಿಸಿ, ಹಸುಗಳು ಅದರ ಜೊತೆ ಆಡುತ್ತವೆ.

ಕಟ್ಟಿಹಾಕಿದ ಹಸುಗಳಿಗೆ ಮೂತಿಯಿಂದ ಒತ್ತಿದರೆ ನೀರು ಬರುವ ಬಟ್ಟಲು ಒಳ್ಳೆಯದು. ಬಟ್ಟಲಲ್ಲಿ ನಿಲ್ಲುವ ನೀರೇ ಒಂದೆರಡು ಲೀಟರ್, ಕೈಯಲ್ಲೇ ಒರೆಸಿ ತೆಗೆಯಬಹುದು. ಒಂದು ಹಸುವಿನ ಜೊಲ್ಲು ಇನ್ನೊಂದರ ಬಾಯಿಗೆ ಹೋಗುವುದು ತಪ್ಪುತ್ತದೆ. ಕಾಲುಬಾಯಿ ಜ್ವರದಂಥ ರೋಗದ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಎದುರು ಪಕ್ಷದಲ್ಲಿ ಮೂರು ಮಾತುಗಳಿವೆ. ಬಟ್ಟಲುಗಳು ಹತ್ತಿದ್ದರೆ ತೊಳೆಯುವ ಜಾಗಗಳೂ ಹತ್ತು. ಮೇವು ತಿಂದ ಬಾಯಲ್ಲೇ ಹಸು ಮೂತಿ ಹಾಕುವುದರಿಂದ ದಿನಕ್ಕೆರಡು ಸಲ ನೋಡದಿದ್ದರೆ ಹಿಂಡಿ ಗಂಜಿಯಾಗಿ ಹುಳಿಯುತ್ತದೆ. ಕಿರುಕೊಳವೆಯಲ್ಲಿ ಕಸ ಕಟ್ಟಿ ಒಂದು ಬಟ್ಟಲು ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಲು ಇಳಿದ ಮೇಲೆ ಹುಡುಕಾಟ ಶುರುವಾಗುತ್ತದೆ. ಮರಳು, ಕೆಸರು ಬರುವ ನೀರಾದರೆ ಸೋಸುಕ ಇಲ್ಲದೆ ಬಟ್ಟಲಿಗೆ ಕೈ ಹಾಕಬೇಡಿ.

ಇವೆರಡರ ನಡುವೆ ಮಗುಚುವ ತೊಟ್ಟಿ ಇದೆ. ಎರಡು ತುದಿಗೆ ಕೀಲು, ಒಂದು ಹಿಡಿ; ಎಳೆದರೆ ಇಡೀ ತೊಟ್ಟಿ ಬೋರಲಾಗಿ ಕೆಸರೂ ನೀರೂ ಒಟ್ಟಿಗೇ ಚೆಲ್ಲುತ್ತವೆ. ನನ್ನನ್ನು ಕೇಳಿದರೆ ಹತ್ತು ಹಸುಗಳಿಂದ ಮೇಲಿನ ಕೊಟ್ಟಿಗೆಗೆ ಇದೇ ಸರಿ. ಚೆಲ್ಲಿದ ನೀರು ಹೋಗಲು ಕಾಲುವೆ ಮೊದಲೇ ಇರಬೇಕು, ಇಲ್ಲವಾದರೆ ತೊಟ್ಟಿ ಶುದ್ಧ, ನೆಲ ರಾಡಿ.

ಯಾವುದನ್ನೇ ಇಟ್ಟರೂ ಇಡುವ ಜಾಗ ಅರ್ಧ ಕೆಲಸ ಮಾಡುತ್ತದೆ. ಬಿಸಿಲು ಬೀಳುವ ತೊಟ್ಟಿಯಲ್ಲಿ ಪಾಚಿ ಬೆಳೆಯುತ್ತದೆ, ನೆರಳಿನಲ್ಲಿ ಕಡಿಮೆ. ಪಾಚಿಯಂತೆ ಕಾಣುವ ನೀಲಿಹಸಿರು ಬಗೆಗಳಲ್ಲಿ ಕೆಲವು ವಿಷ ಉಗುಳುತ್ತವೆ; ನೀರಿನ ಮೇಲೆ ಬಣ್ಣ ಬಳಿದಂಥ ಪದರ ಕಂಡರೆ ಆ ನೀರನ್ನು ಕುಡಿಸದೆ ಚೆಲ್ಲಬೇಕು. ಪಾಚಿಗೆಂದು ಮೈಲುತುತ್ತ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿರುವುದು ತಾಮ್ರ, ಅದೇ ತೊಟ್ಟಿಗೆ ಕುರಿ ಬಾಯಿ ಹಾಕಿದರೆ ಅಪಾಯ, ಕುರಿಗೆ ತಾಮ್ರ ತಡೆಯುವ ಶಕ್ತಿ ಬಹಳ ಕಡಿಮೆ. ಹಸುವಿನ ಬಾಲ ತೊಟ್ಟಿಯ ಕಡೆ ಬರದಂತೆಯೂ ನೋಡಿಕೊಳ್ಳಿ. ಸಗಣಿ ಬಿದ್ದ ನೀರನ್ನು ಹಸು ಮೂಸಿ ಬಿಡುತ್ತದೆ. ಬಾಯಾರಿಕೆ ತಡೆಯಲಾಗದಿದ್ದಾಗ ಮಾತ್ರ ಕುಡಿಯುತ್ತದೆ, ಅದೂ ಕಡಿಮೆ.

ಯಾವುದರಿಂದ ತೊಳೆಯುವುದು?

ನೀರಿನ ತೊಟ್ಟಿಗೆ ಗಟ್ಟಿ ಬ್ರಷ್, ಹರಿಯುವ ನೀರು: ಇದರ ಮುಂದೆ ಉಳಿದದ್ದೆಲ್ಲ ಎರಡನೆಯದು. ಉಜ್ಜದೆ ಔಷಧಿ ಸುರಿಯುವುದು ದುಡ್ಡನ್ನು ಕೆಸರಿಗೆ ಸುರಿದಂತೆ, ಏಕೆಂದರೆ ಕ್ಲೋರಿನ್ ಕೊಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ.

ಗೋದಲಿಯ ಮಾತು ಬೇರೆ. ಅಲ್ಲಿ ದಿನವೂ ನೀರು ಹಾಕುವುದೇ ತಪ್ಪು ಎಂದು ಹೇಳಿದರೆ ಕೆಲವರಿಗೆ ಆಶ್ಚರ್ಯ. ಒಣ ಹಿಂಡಿ, ಬೂಸಾ ಕೊಡುವ ಗೋದಲಿ ಒದ್ದೆಯಾಗಿದ್ದರೆ ಪುಡಿ ಅಂಟಿಕೊಂಡು ಬೂಷ್ಟು ಹಿಡಿಯುತ್ತದೆ. ಅಂಥ ಕಡೆ ದಿನವೂ ಒಣಗುಡಿಸುವುದು, ವಾರಕ್ಕೊಮ್ಮೆ ತೊಳೆದು ಚೆನ್ನಾಗಿ ಒಣಗಿಸುವುದು ಮೇಲು. ನೆನೆಸಿದ ಹಿಂಡಿ ಅಥವಾ ರಸಮೇವು ಕೊಡುವ ಕಡೆ ಪ್ರತಿ ಸಲ ಉಳಿದದ್ದನ್ನು ತೆಗೆಯಲೇಬೇಕು. ಹಳೆಯದರ ಮೇಲೆ ಹೊಸತು ಸುರಿದರೆ ಹೊಸತೂ ಬೇಗ ಬಿಸಿಯಾಗಿ ಕೆಡುತ್ತದೆ. ಬೂಷ್ಟು ಹಿಡಿದ ಮೇವನ್ನು ಒಣಗಿಸಿ, ಬೇಯಿಸಿ ಉಳಿಸಿಕೊಳ್ಳಲು ಹೋಗಬೇಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಆ ಶಾಖಕ್ಕೆ ಹೋಗುವಂಥದ್ದಲ್ಲ, ಹಸುವಿನ ಹೊಟ್ಟೆಯಿಂದ ಹಾಲಿಗೂ ಇಳಿಯುತ್ತದೆ.

ಸುಣ್ಣ ಅಗ್ಗ, ಸಿಮೆಂಟಿನ ತೂತುಗಳಿಗೆ ಇಳಿಯುತ್ತದೆ, ಬಿಳಿ ಮೈಯ ಮೇಲೆ ಕೊಳೆ ಎದ್ದು ಕಾಣುತ್ತದೆ. ಆದರೆ ಅದರ ಬಲ ಇರುವುದು ತಾಜಾ ಇದ್ದಾಗ. ಗಾಳಿಗೆ ತೆರೆದು ವಾರಗಟ್ಟಲೆ ಇಟ್ಟ ಸುಣ್ಣ ಬರೀ ಬಿಳಿ ಬಣ್ಣ. ಸಿಮೆಂಟ್ ಗೋದಲಿ, ಸಿಮೆಂಟ್ ತೊಟ್ಟಿಗೆ ಸುಣ್ಣ ಬಳಿದು, ಒಣಗಿಸಿ, ತೊಳೆದು ನೀರು ಬಿಡಬಹುದು. ಪ್ಲಾಸ್ಟಿಕ್ಕಿಗೆ, ಉಕ್ಕಿಗೆ ಸುಣ್ಣದಿಂದ ಪ್ರಯೋಜನವಿಲ್ಲ, ಹಿಡಿಯುವುದೇ ಇಲ್ಲ. ಬಳಿಯುವಾಗ ಕಣ್ಣು ಜೋಪಾನ.

ಬ್ಲೀಚಿಂಗ್ ಪುಡಿ ಎಲ್ಲ ಮೈಗೂ ಆಗುತ್ತದೆ. ತಾಜಾ ಪುಡಿಯಲ್ಲಿ ಶೇಕಡಾ 30ರ ಆಸುಪಾಸು ಕ್ಲೋರಿನ್ ಇರುತ್ತದೆ. 10 ಲೀಟರ್ ನೀರಿಗೆ 10 ಗ್ರಾಂ ಕಲಸಿ, ಗಷ್ಟು ಕೂತ ಮೇಲೆ ತಿಳಿ ನೀರನ್ನು ಉಜ್ಜಿ ತೊಳೆದ ತೊಟ್ಟಿಗೆ ಬಳಿದು, 10–15 ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯಬೇಕು. ಉಕ್ಕಿನ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಚುಕ್ಕೆ ಬೀಳುತ್ತದೆ. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ತಿಂಗಳುಗಳಲ್ಲಿ ನಿಸ್ಸಾರ. ಮರೆಯಬಾರದ ಒಂದು ಮಾತು: ಇದನ್ನು ಆಮ್ಲದ ಜೊತೆ, ಕಕ್ಕಸು ತೊಳೆಯುವ ದ್ರಾವಣದ ಜೊತೆ ಎಂದೂ ಬೆರೆಸಬೇಡಿ. ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಕೊಟ್ಟಿಗೆಯಲ್ಲಿ ಮನುಷ್ಯರಿಗೂ ದನಗಳಿಗೂ ಪ್ರಾಣಾಪಾಯ.

ಒತ್ತಡದ ನೀರಿನ ಯಂತ್ರ ಕೆಲಸ ಬೇಗ ಮುಗಿಸುತ್ತದೆ. ಹಾಗೆಯೇ ಸವೆದ ಸಿಮೆಂಟನ್ನು ಇನ್ನಷ್ಟು ಕೆತ್ತುತ್ತದೆ, ಸಗಣಿಯ ಹನಿಗಳನ್ನು ಪಕ್ಕದ ಗೋದಲಿಗೆ ಹಾರಿಸುತ್ತದೆ. ದೊಡ್ಡ ಕೊಟ್ಟಿಗೆಗೆ ಸರಿ, ದನಗಳು ಹೊರಗಿದ್ದಾಗ.

ಯಾರಿಗೆ ಯಾವುದು

ಎರಡು ಮೂರು ಹಸು, ಕೈಯಲ್ಲಿ ಹೆಚ್ಚು ಹಣವಿಲ್ಲ, ಮನೆಯವರೇ ಕೆಲಸ ಮಾಡುವವರು ಎಂದಾದರೆ ಸಿಮೆಂಟಿನ ದುಂಡುತಳದ ಗೋದಲಿ, ನೀರಿಗೆ ಮಗುಚಬಹುದಾದ ಪ್ಲಾಸ್ಟಿಕ್ ಬಾನಿ ಸಾಕು. ದಿನವೂ ಚೆಲ್ಲಿ ತುಂಬಿಸುವುದು ಹತ್ತು ನಿಮಿಷದ ಕೆಲಸ. ಹತ್ತು ಹದಿನೈದು ಹಸುಗಳಿದ್ದು ರಸಮೇವು ಕೊಡುವವರು ಗೋದಲಿಯ ತಳಕ್ಕಾದರೂ ಕಲ್ಲಿನ ಚಪ್ಪಡಿ ಹಾಕಿಸಲಿ; ಪೂರ್ತಿ ಹಾಕಿಸಲು ಹಣ ಸಾಲದಿದ್ದರೆ ಮೂತಿ ತಾಕುವ ಭಾಗಕ್ಕೆ ಮಾತ್ರ ಸಾಕು, ಸವೆಯುವುದು ಅಲ್ಲಿಯೇ. ಕೂಲಿಯಾಳು ಆಗಾಗ ಬದಲಾಗುವ ಕಡೆ ಬಟ್ಟಲುಗಳನ್ನು ನಾನು ಹೇಳುವುದಿಲ್ಲ. ಹೊಸಬರು ಮೊದಲು ಮರೆಯುವುದೇ ಸಣ್ಣ ಜಾಗಗಳನ್ನು. ಅಂಥ ಕಡೆ ಕಣ್ಣಿಗೆ ಕಾಣುವ ಮಗುಚುವ ತೊಟ್ಟಿ ವಾಸಿ. ನೀರಿಗೆ ಬರ ಇರುವವರು ಆಳ ಕಡಿಮೆಯ ತೊಟ್ಟಿಯನ್ನೇ ಆರಿಸಲಿ, ತೊಳೆದಾಗ ಚೆಲ್ಲಿಹೋಗುವ ನೀರು ಅಷ್ಟು ಕಡಿಮೆ. ಚೆಲ್ಲಿದ್ದನ್ನು ಮೇವಿನ ಬೆಳೆಗೆ ಹರಿಸಬಹುದು, ಔಷಧಿ ಹಾಕಿದ ನೀರನ್ನು ಬಿಟ್ಟು. ಏನೇ ಇದ್ದರೂ ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿಯಾಗಲೇಬೇಕು. ಸೆಕೆಯ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಹಿಡಿಯುವುದು ಸುಮಾರು ಅಷ್ಟೇ ದಿನ.

ಈಗಾಗಲೇ ನನ್ನಂತೆ ದೊಡ್ಡ ತೊಟ್ಟಿ ಕಟ್ಟಿಸಿ ಕೂತವರು ಅದನ್ನು ಒಡೆಯಬೇಕಾಗಿಲ್ಲ. ನಾನು ಮಾಡಿದ್ದು ಇಷ್ಟು: ಗೋಡೆಯ ಬುಡದ ಬದಲು ನಡುಮಟ್ಟದಲ್ಲಿ ತೂತು ಕೊರೆಸಿ ಎರಡು ಅಂಗುಲದ ಕೊಳವೆ ಕೂರಿಸಿದೆ, ಅಲ್ಲಿಯವರೆಗೆ ತಳಕ್ಕೆ ಕಾಂಕ್ರೀಟ್ ತುಂಬಿಸಿ ಕೊಳವೆಯ ಕಡೆಗೆ ಇಳಿಜಾರು ಕೊಡಿಸಿದೆ, ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿಸಿದೆ. ನೀರಿನ ಮೇಲ್ಮಟ್ಟ ಹಸುಗಳ ಮೂತಿಗೆ ಮೊದಲಿನಷ್ಟೇ ಹತ್ತಿರ, ಆಳ ಮಾತ್ರ ಅರ್ಧಕ್ಕಿಂತ ಕಡಿಮೆ. ಈಗ ಬೆಳಿಗ್ಗೆ ಬಿರಡೆ ಎಳೆದು ಗೋದಲಿ ಗುಡಿಸಲು ಹೋಗುತ್ತೇನೆ. ಗುಡಿಸಿ ಬರುವಷ್ಟರಲ್ಲಿ ತೊಟ್ಟಿ ಖಾಲಿಯಾಗಿ ಉಜ್ಜಲು ಕಾದಿರುತ್ತದೆ.